ನೋವನ್ನು ಅಳೆಯಬೇಡಿ, ತೂಕವನ್ನು ಬರೆದಿಡಿ

ಪ್ರಶ್ನೆ: ನನಗೆ 49 ವರ್ಷ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಮುಟ್ಟು ನಿಂತ ಮೇಲೆ ತೊಡೆ, ತೋಳು ಸೊರಗುತ್ತಿವೆ. ಬರೀ ವಾಕಿಂಗ್ ಸಾಲದು, ತೂಕ ಎತ್ತುವ ವ್ಯಾಯಾಮವೂ ಬೇಕು ಎಂದು ಡಾಕ್ಟರು ಹೇಳಿದ್ದರಿಂದ ಮಗಳ ಜೊತೆ ಜಿಮ್‌ಗೆ ಸೇರಿದೆ. ಮೊದಲ ವಾರವೇ ಸ್ಕ್ವಾಟ್, ಲಂಜಸ್ ಮಾಡಿಸಿದರು. ಎರಡು ದಿನ ಬಿಟ್ಟು ಕುರ್ಚಿಯಲ್ಲಿ ಕೂರಬೇಕಾದರೂ ಗೋಡೆ ಹಿಡಿಯುವಂತಾಯಿತು. ‘ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಆಂಟಿ, ಉರಿದಷ್ಟೂ ಮಸಲ್ ಬೆಳೆಯುತ್ತೆ’ ಅಂದ ಟ್ರೈನರ್ ಹುಡುಗ. ಆ ಆಸಿಡ್ ತೊಳೆದು ಹಾಕಲು ಒಂದು ಡಬ್ಬಿ ಪುಡಿಯನ್ನೂ ತೋರಿಸಿದ. ಮೊಸರಿನ ಹುಳಿಯೂ ಅದೇ ಆಸಿಡ್ಡಂತೆ, ಮೊಸರು ಬಿಟ್ಟುಬಿಡು ಅನ್ನುತ್ತಾರೆ ನಮ್ಮ ಅತ್ತೆ. ಮಾತ್ರೆಯ ಜೊತೆಗಿದ್ದ ಚೀಟಿಯಲ್ಲಿ ‘ಲ್ಯಾಕ್ಟಿಕ್ ಆಸಿಡೋಸಿಸ್’ ಎಂದು ಓದಿದ ಮೇಲಂತೂ ಎದೆ ಧಸಕ್ಕೆಂದಿತು. ಇಷ್ಟೆಲ್ಲ ಆಗಿ ಈಗ ಎರಡು ತಿಂಗಳು. ನೋವೇ ಬರುತ್ತಿಲ್ಲ. ಹಾಗಾದರೆ ಮಾಡುತ್ತಿರುವುದೆಲ್ಲ ವ್ಯರ್ಥವೇ ಎಂದು ಹೊಸ ಚಿಂತೆ. ಮುಂದುವರಿಸಲೇ, ಬಿಡಲೇ?
— ಶಿಕ್ಷಕಿ, ಶಿವಮೊಗ್ಗ

ಉತ್ತರ: ಜಿಮ್ ಬಿಡಬೇಡಿ, ಮೊಸರು ಬಿಡಬೇಡಿ, ಮಾತ್ರೆಯನ್ನಂತೂ ನೀವಾಗಿಯೇ ಬಿಡಲೇಬೇಡಿ. ಬಿಡಬೇಕಾದವು ಎರಡು: ಆ ಡಬ್ಬಿ, ಮತ್ತು ನೋವಾದರೆ ಮಾತ್ರ ಲಾಭ ಎಂಬ ನಂಬಿಕೆ. ಏಕೆಂದು ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ನೋವುಗಳಿಗೆ ಒಂದೇ ಆರೋಪಿ ಸಿಕ್ಕಿಬಿದ್ದಿದ್ದಾನೆ. ಮೊದಲನೆಯದು, ಸೆಟ್ ಮುಗಿಯುತ್ತ ಬಂದಾಗ ತೊಡೆಯಲ್ಲಿ ಏಳುವ ಉರಿ. ಡಂಬೆಲ್ ಕೆಳಗಿಟ್ಟು ಒಂದೆರಡು ನಿಮಿಷ ಸುಧಾರಿಸಿಕೊಂಡರೆ ಅದು ಆರಿಹೋಗುತ್ತದೆ. ಎರಡನೆಯದು, ಅವತ್ತು ಸುಮ್ಮನಿದ್ದು ಮಾರನೆಯ ದಿನ ಮೆಲ್ಲಗೆ ಶುರುವಾಗಿ, ಎರಡನೆಯ ಅಥವಾ ಮೂರನೆಯ ದಿನ ಗೋಡೆ ಹಿಡಿಸುವ ಮೈನೋವು. ಇವೆರಡಕ್ಕೂ ಹುಟ್ಟು ಬೇರೆ.

ಉರಿಯ ವಿಷಯ ಮೊದಲು. ಸ್ನಾಯು ಜೋರಾಗಿ ಕೆಲಸ ಮಾಡುವಾಗ ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು, ಅಂದರೆ ಸಕ್ಕರೆಯ ದಾಸ್ತಾನನ್ನು, ಬೇಗ ಬೇಗ ಒಡೆಯುತ್ತದೆ. ಆಗ ಹುಟ್ಟುವುದು ಲ್ಯಾಕ್ಟೇಟ್. ನಮ್ಮ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಆಮ್ಲವಾಗಿ ಉಳಿಯುವುದಿಲ್ಲ, ಹೆಚ್ಚುಕಡಿಮೆ ಎಲ್ಲವೂ ಲ್ಯಾಕ್ಟೇಟ್ ರೂಪದಲ್ಲೇ ಇರುತ್ತದೆ. ಸುಮ್ಮನೆ ಕೂತಿರುವಾಗಲೂ ಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಮೋಲ್ ಇದ್ದೇ ಇರುತ್ತದೆ. 400 ಮೀಟರ್ ಓಟವನ್ನು ಪ್ರಾಣ ಕೊಟ್ಟು ಓಡಿದ ಕ್ರೀಡಾಪಟುವಿನಲ್ಲಿ ಅದು 20 ಮುಟ್ಟುವುದುಂಟು. ತೊಡೆಯ ಉರಿಯಲ್ಲಿ ಲ್ಯಾಕ್ಟೇಟ್‌ಗೂ ಒಂದು ಪಾಲಿದೆ, ಆದರೆ ಅದೊಂದೇ ಕಾರಣವಲ್ಲ. ಅದೇ ಹೊತ್ತಿಗೆ ಸೇರಿಕೊಳ್ಳುವ ಹೈಡ್ರೋಜನ್ ಅಯಾನು ಮೊದಲಾದವೂ ಜೊತೆಗೂಡಿ ನರಗಳನ್ನು ಕೆಣಕುತ್ತವೆ. ಇನ್ನು ಕಾಲು ಸೋತು ಬರುವುದಕ್ಕೆ ಸ್ನಾಯುಕೋಶದೊಳಗೆ ಫಾಸ್ಫೇಟ್ ಹೆಚ್ಚುವುದು, ಕ್ಯಾಲ್ಸಿಯಂ ಸರಿಯಾಗಿ ಬಿಡುಗಡೆಯಾಗದಿರುವುದು ಮುಂತಾದ ಕಾರಣಗಳಿವೆ. ಬ್ರಿಟಿಷ್ ವೈದ್ಯ ಬ್ರಯಾನ್ ಮೆಕಾರ್ಡ್ಲ್ 1951ರಲ್ಲಿ ಒಂದು ಅಪರೂಪದ ಕಾಯಿಲೆಯನ್ನು ವಿವರಿಸಿದರು. ಅದು ಇರುವವರ ಸ್ನಾಯು ಗ್ಲೈಕೋಜನ್ನನ್ನು ಒಡೆಯಲಾರದು, ಹಾಗಾಗಿ ವ್ಯಾಯಾಮ ಮಾಡಿದರೂ ರಕ್ತದಲ್ಲಿ ಲ್ಯಾಕ್ಟೇಟ್ ಏರುವುದಿಲ್ಲ. ಆದರೂ ಅವರು ಎಲ್ಲರಿಗಿಂತ ಬೇಗ ಸುಸ್ತಾಗುತ್ತಾರೆ, ಅವರ ಕಾಲು ಸೆಟೆದುಕೊಳ್ಳುತ್ತದೆ. ಸುಸ್ತಿಗೆಲ್ಲ ಲ್ಯಾಕ್ಟಿಕ್ ಆಸಿಡ್ಡೇ ಮೂಲವಾಗಿದ್ದರೆ ಅವರು ದಣಿಯಲೇಬಾರದಿತ್ತು.

ಹಾಗಾದರೆ ಈ ಕೆಟ್ಟ ಹೆಸರು ಎಲ್ಲಿಂದ ಬಂತು? 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಕಾಲಿನ ಸ್ನಾಯುವನ್ನು ಬಿಡಿಸಿ ತೆಗೆದು ಪರೀಕ್ಷಿಸಿದರು. ಆಮ್ಲಜನಕವಿಲ್ಲದೆ ದುಡಿಸಿದಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿತು, ಸ್ನಾಯು ಸೋತಿತು. ಎರಡೂ ಒಟ್ಟಿಗೆ ಕಂಡದ್ದರಿಂದ ಒಂದು ಇನ್ನೊಂದಕ್ಕೆ ಕಾರಣ ಎಂಬ ಅಭಿಪ್ರಾಯ ಬೇರೂರಿತು. ಮುಂದೆ ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಅಧ್ಯಯನಕ್ಕೆ ಎ.ವಿ. ಹಿಲ್ ಮತ್ತು ಓಟೋ ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಂದಾಗ ಅದು ಪಠ್ಯಪುಸ್ತಕಗಳಿಗೂ ಇಳಿಯಿತು. ಆದರೆ ಬಿಡಿಸಿ ತೆಗೆದ ಕಪ್ಪೆ ಕಾಲಿಗೆ ರಕ್ತದ ಓಡಾಟವಿರಲಿಲ್ಲ, ಹುಟ್ಟಿದ್ದು ಅಲ್ಲೇ ಉಳಿಯಬೇಕಿತ್ತು. ನಿಮ್ಮ ತೊಡೆಗೆ ರಕ್ತ ಹರಿಯುತ್ತಿದೆ.

ಆ ರಕ್ತದ ಜೊತೆ ಹೊರಟ ಲ್ಯಾಕ್ಟೇಟ್ ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಕತೆಯ ಒಳ್ಳೆಯ ಭಾಗ. ಸೌದೆ ಒಲೆಯಲ್ಲಿ ಉಳಿದ ಇದ್ದಿಲನ್ನು ಯಾರೂ ಬೂದಿ ಎಂದು ತಿಪ್ಪೆಗೆ ಎಸೆಯುವುದಿಲ್ಲ, ಇನ್ನೊಂದು ಒಲೆಗೆ ಹಾಕುತ್ತಾರೆ. ಲ್ಯಾಕ್ಟೇಟ್ ಅಂಥ ಇದ್ದಿಲು. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಮಿದುಳೂ ಬಳಸುತ್ತದೆ, ಪಕ್ಕದ ಸ್ನಾಯುಗಳೂ ಬಳಸುತ್ತವೆ. 1980ರ ದಶಕದಿಂದ ಇದನ್ನು ಪಟ್ಟು ಹಿಡಿದು ತೋರಿಸಿಕೊಟ್ಟವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಬ್ರೂಕ್ಸ್. ಉಳಿದದ್ದನ್ನು ಯಕೃತ್ತು ಎಳೆದುಕೊಂಡು ಮತ್ತೆ ಗ್ಲೂಕೋಸ್ ಮಾಡಿ ಕಳಿಸುತ್ತದೆ. ಈ ಚಕ್ರವನ್ನು ಬಿಡಿಸಿ ಹೇಳಿದವರು ಗರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿ. ಅವರಿಗೆ 1947ರಲ್ಲಿ ನೊಬೆಲ್ ಬಂತು. ವೈದ್ಯಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಗರ್ಟಿ ಕೋರಿ. ಮಹಿಳಾ ದಿನದಂದು ತರಗತಿಯಲ್ಲಿ ಹೇಳಲು ಒಳ್ಳೆಯ ಹೆಸರು. ಇಷ್ಟು ಕಡೆ ಖರ್ಚಾಗುವುದರಿಂದ, ಎಷ್ಟೇ ಏರಿದ ಲ್ಯಾಕ್ಟೇಟ್ ಆದರೂ ಸುಮಾರು ಒಂದು ಗಂಟೆಯೊಳಗೆ ತನ್ನ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನೀವು ಜಿಮ್‌ನಿಂದ ಮನೆಗೆ ಬಂದು ಸ್ನಾನ ಮುಗಿಸಿ ತಿಂಡಿ ತಿನ್ನುವಷ್ಟರಲ್ಲಿ ತೊಳೆಯಲು ಅಲ್ಲೇನೂ ಉಳಿದಿರುವುದಿಲ್ಲ. ಡಬ್ಬಿಯ ಪುಡಿಗೆ ಕೆಲಸವೇ ಇಲ್ಲ.

ಈಗ ಎರಡನೆಯ ನೋವು, ನಿಮ್ಮನ್ನು ಗೋಡೆ ಹಿಡಿಸಿದ್ದು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರನ್ನು ಕೇಳಿ ನೋಡಿ. ಹತ್ತುವಾಗ ಏದುಸಿರು, ತೊಡೆಯಲ್ಲಿ ಉರಿ. ಇಳಿಯುವಾಗ ಏನೂ ಅನ್ನಿಸುವುದಿಲ್ಲ, ಮಾತಾಡಿಕೊಂಡೇ ಇಳಿಯುತ್ತಾರೆ. ಆದರೆ ಮೂರನೆಯ ದಿನ ಕಾಲು ಹಿಡಿದುಕೊಳ್ಳುವುದು ಮುಖ್ಯವಾಗಿ ಆ ಇಳಿದದ್ದರಿಂದ. ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ಬಿಗಿಹಿಡಿದುಕೊಂಡೇ ಉದ್ದವಾಗಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆಗ ಸೂಕ್ಷ್ಮವಾದ ಗಾಯಗಳಾಗುತ್ತವೆ. ಅವನ್ನು ರಿಪೇರಿ ಮಾಡಲು ದೇಹ ಕಳಿಸುವ ಉರಿಯೂತವೇ ಆ ಮೈನೋವು. ಸ್ಕ್ವಾಟ್‌ನಲ್ಲಿ ಕೆಳಗೆ ಕೂರುವಾಗ, ಲಂಜಸ್‌ನಲ್ಲಿ ಮಂಡಿ ಬಗ್ಗಿಸಿ ಇಳಿಯುವಾಗ, ಗರಡಿಯ ಹುಡುಗರು ಬಸ್ಕಿ ಹೊಡೆಯುವಾಗ ನಡೆಯುವುದೂ ಇದೇ ಕೆಲಸ.

1983ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. ಟ್ರೆಡ್‌ಮಿಲ್ ಮೇಲೆ ಒಂದು ಸಲ ಸಮತಟ್ಟಿನಲ್ಲಿ, ಇನ್ನೊಂದು ಸಲ ಇಳಿಜಾರಿನಲ್ಲಿ 45 ನಿಮಿಷ ಓಡಿಸಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಿತು, ಆಮೇಲಿನ ದಿನಗಳಲ್ಲಿ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ನೋವು ಚೆನ್ನಾಗಿಯೇ ಬಂತು. ಅಷ್ಟಕ್ಕೇ ಆರೋಪಿ ಬಿಡುಗಡೆಯಾಗಬೇಕಿತ್ತು. ಜಿಮ್‌ಗಳಲ್ಲಿ ಮಾತ್ರ ಅವನ ಮೇಲಿನ ಕೇಸು ಇನ್ನೂ ನಡೆಯುತ್ತಲೇ ಇದೆ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸ್ವೀಡನ್ನಿನ ಶೀಲೆ 1780ರಲ್ಲಿ ಈ ಆಮ್ಲವನ್ನು ಮೊದಲು ಬೇರ್ಪಡಿಸಿದ್ದು ಹುಳಿತ ಹಾಲಿನಿಂದಲೇ. ಮೊಸರಿನ ಹುಳಿ ಅದೇ, ನಿಜ. ಆದರೆ ಉಂಡ ಮೊಸರು ನೇರ ತೊಡೆಗೆ ಹೋಗಿ ಕೂರುವುದಿಲ್ಲ. ಅದರ ಆಮ್ಲವೂ ಯಕೃತ್ತಿನಲ್ಲಿ ಇಂಧನವಾಗಿಯೇ ಮುಗಿಯುತ್ತದೆ. ತೂಕ ಎತ್ತುವ ನಿಮಗೆ ಮೊಸರಿನ ಪ್ರೋಟೀನು, ಕ್ಯಾಲ್ಸಿಯಂ ಎರಡೂ ಬೇಕು. ಅವರಿಗೂ ಒಂದು ಬಟ್ಟಲು ಬಡಿಸಿ.

ಮಾತ್ರೆಯ ಚೀಟಿಯನ್ನು ಓದಿ ಹೆದರಿದ್ದು ಸಹಜ, ಹಗುರವಾಗಿ ತೆಗೆದುಕೊಳ್ಳುವ ವಿಷಯವೂ ಅಲ್ಲ. ಲ್ಯಾಕ್ಟಿಕ್ ಆಸಿಡೋಸಿಸ್ ನಿಜವಾದ, ಅಪಾಯಕಾರಿ ಸ್ಥಿತಿ. ಲ್ಯಾಕ್ಟೇಟ್ ಹುಟ್ಟುತ್ತಲೇ ಹೋಗಿ, ಖರ್ಚಾಗುವ ದಾರಿಗಳು ಕಟ್ಟಿಕೊಂಡಾಗ ಅದು ಬರುತ್ತದೆ. ಮೆಟ್‌ಫಾರ್ಮಿನ್ ನುಂಗುವವರಲ್ಲಿ ತೀರ ವಿರಳ. ಬಂದರೂ ಬಹುಮಟ್ಟಿಗೆ ಮೂತ್ರಪಿಂಡ ತುಂಬ ದುರ್ಬಲವಾಗಿರುವವರಲ್ಲಿ, ಅಥವಾ ತೀವ್ರ ಸೋಂಕು, ವಾಂತಿ ಭೇದಿಯಿಂದ ಮೈ ಒಣಗಿದಾಗ, ವಿಪರೀತ ಕುಡಿತವಿದ್ದಾಗ. ಹತ್ತು ಸ್ಕ್ವಾಟ್ ಮಾಡಿ ಐದು ನಿಮಿಷದಲ್ಲಿ ಉಸಿರು ಸರಿಯಾಗುವ ನಿಮ್ಮ ಸ್ಥಿತಿಗೂ ಅದಕ್ಕೂ ಸಂಬಂಧವಿಲ್ಲ. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿ. ವಾಂತಿ ಭೇದಿ ಜೋರಾದಾಗ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ನಿಮಗೆ ಈ ವ್ಯಾಯಾಮ ಹೇಳಿದ್ದರ ಹಿಂದೆ ಅದೂ ಇದೆ.

ಉಳಿದದ್ದು ಮುಖ್ಯ ಪ್ರಶ್ನೆ: ಉರಿದಷ್ಟೂ ಸ್ನಾಯು ಬೆಳೆಯುತ್ತದೆಯೇ? ಸ್ನಾಯುವಿಗೆ ‘ಬೆಳೆ’ ಎಂದು ಹೇಳುವುದು ಮುಖ್ಯವಾಗಿ ಅದರ ಮೇಲೆ ಬೀಳುವ ಎಳೆತ. ಭಾರ ಹೊತ್ತ ಎಳೆಗಳು ಆ ಎಳೆತವನ್ನು ಗುರುತಿಸಿ ಹೊಸ ಪ್ರೋಟೀನು ಕಟ್ಟಲು ತೊಡಗುತ್ತವೆ. ಆ ಕೆಲಸ ವ್ಯಾಯಾಮದ ನಂತರವೂ ಒಂದೆರಡು ದಿನ ನಡೆಯುತ್ತದೆ. ಲ್ಯಾಕ್ಟೇಟ್ ಕೂಡ ಕೋಶಗಳಿಗೆ ಒಂದು ಸಂದೇಶ ಒಯ್ಯುತ್ತದೆ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಸುಳಿವುಗಳಿವೆ. ಆದರೆ ಮನುಷ್ಯರಿಗೆ ವ್ಯಾಯಾಮದ ಜೊತೆ ರಕ್ತನಾಳದ ಮೂಲಕ ಹೆಚ್ಚುವರಿ ಲ್ಯಾಕ್ಟೇಟ್ ಕೊಟ್ಟು ನೋಡಿದಾಗ ಸ್ನಾಯು ಕಟ್ಟುವ ಕೆಲಸವೇನೂ ಹೆಚ್ಚಲಿಲ್ಲ.

ಟ್ರೈನರ್ ಹುಡುಗನ ಮಾತು ಪೂರ್ತಿ ಸುಳ್ಳೂ ಅಲ್ಲ. ಹಗುರ ತೂಕವನ್ನು ಇಪ್ಪತ್ತು, ಮೂವತ್ತು ಸಲ, ಇನ್ನು ಆಗದು ಎನ್ನುವವರೆಗೆ ಎತ್ತಿದರೂ ಸ್ನಾಯು ಬೆಳೆಯುತ್ತದೆ, ಅಲ್ಲಿ ಉರಿ ವಿಪರೀತ. ಆದರೆ ಅಲ್ಲಿ ಕೆಲಸ ಮಾಡುವುದು ಉರಿಯಲ್ಲ. ಮೊದಲ ಎಳೆಗಳು ದಣಿದ ಹಾಗೆ ದೇಹ ಉಳಿದ ಎಳೆಗಳನ್ನೂ ಕೆಲಸಕ್ಕೆ ಕರೆಯುತ್ತದೆ, ಕೊನೆಗೆ ಎಲ್ಲದರ ಮೇಲೂ ಎಳೆತ ಬೀಳುತ್ತದೆ. ಭಾರದ ತೂಕವನ್ನು ಎಂಟು ಸಲ ಎತ್ತಿದರೆ ಕಡಿಮೆ ಉರಿಯಲ್ಲೇ ಅದು ಆಗುತ್ತದೆ. ಉರಿ ಬಂದರೆ ಮಿತಿಯ ಹತ್ತಿರ ಬಂದಿದ್ದೀರಿ ಎಂದು ತಿಳಿಯಿರಿ, ಅಷ್ಟು ಸಾಕು.

ಹಾಗಾದರೆ ಈಗ ನೋವು ಬಾರದಿರುವುದು? ಒಮ್ಮೆ ಪೆಟ್ಟು ತಿಂದ ಸ್ನಾಯು ರಿಪೇರಿಯ ಜೊತೆಗೇ ತನ್ನನ್ನು ಭದ್ರ ಮಾಡಿಕೊಳ್ಳುತ್ತದೆ. ಅದೇ ವ್ಯಾಯಾಮ ಮುಂದಿನ ಸಲ ಅಷ್ಟು ನೋಯಿಸದು. ನೋವು ನಿಂತದ್ದು ವ್ಯಾಯಾಮ ಹತ್ತಿದ್ದರ ಗುರುತು. ಮೊದಲ ಕೆಲವು ವಾರ ಹೆಚ್ಚಿದ ಶಕ್ತಿ ಬಹುಪಾಲು ನರಗಳ ಕಲಿಕೆ. ಕಣ್ಣಿಗೆ ಕಾಣುವ ಬೆಳವಣಿಗೆಗೆ ಎರಡು ಮೂರು ತಿಂಗಳು ಬೇಕು. ಅಂದರೆ ನೀವು ಬಿಡಲು ಯೋಚಿಸುತ್ತಿರುವುದು ಫಲ ಕಾಣುವ ಹೊತ್ತಿನಲ್ಲಿ.

ನೋವಿನ ಬದಲು ಅಳೆಯಲು ಬೇರೆ ಏನಾದರೂ ಬೇಕಲ್ಲ, ಅದಕ್ಕೊಂದು ನೋಟ್‌ಬುಕ್ ಇಡಿ. ದಿನಾಂಕ, ಯಾವ ವ್ಯಾಯಾಮ, ಎಷ್ಟು ಕಿಲೋ, ಎಷ್ಟು ರೆಪ್, ಅಷ್ಟೇ ಬರೆಯಿರಿ. ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವುದು ವಾರಕ್ಕೆ ಕನಿಷ್ಠ 2 ದಿನ. ಪ್ರತಿ ಸೆಟ್ಟನ್ನೂ ‘ಇನ್ನೆರಡು ಆಗುತ್ತಿತ್ತು’ ಅನ್ನಿಸುವಾಗ ನಿಲ್ಲಿಸಿ. 12 ರೆಪ್ ಸಲೀಸಾಗಿ ಆಗತೊಡಗಿದರೆ ಒಂದು ಕಿಲೋ ಏರಿಸಿ. ಹೊಸ ವ್ಯಾಯಾಮ ಸೇರಿಸುವ ದಿನ ಒಂದೇ ಸೆಟ್ ಮಾಡಿ, ಮೂರನೆಯ ದಿನ ನಿಮಗೇ ಉಪಕಾರ. ತಿಂಗಳಿಗೊಮ್ಮೆ ಕೈಯನ್ನು ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂತಿರಿ ಎಂದು ಮಗಳು ಎಣಿಸಲಿ. ಆ ಸಂಖ್ಯೆ ಏರುತ್ತಿದ್ದರೆ ನಿಮ್ಮ ಶ್ರಮ ವ್ಯರ್ಥವಾಗಿಲ್ಲ.

ಡಬ್ಬಿಯ ದುಡ್ಡನ್ನು ಅಡುಗೆಮನೆಗೆ ಕೊಡಿ. ದೇಹದ ತೂಕದ ಕಿಲೋಗೆ 1.2 ಗ್ರಾಂ ಪ್ರೋಟೀನು ಲೆಕ್ಕ ಹಿಡಿದರೆ, 60 ಕಿಲೋ ಇದ್ದವರಿಗೆ ದಿನಕ್ಕೆ 72 ಗ್ರಾಂ ಬೇಕು. ಅನ್ನ ಸಾರಿನಲ್ಲೇ ಇಷ್ಟು ಬರುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ, 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24, ಅಷ್ಟೇ ಸೋಯಾ ಚಂಕ್ಸ್‌ನಲ್ಲಿ 50ರ ಆಸುಪಾಸು. ಮೂರೂ ಹೊತ್ತಿನ ಊಟಕ್ಕೆ ಹಂಚಿಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಎಲ್ಲ ನೋವನ್ನೂ ಮಾಮೂಲು ಎಂದುಕೊಳ್ಳಲೂಬಾರದು. ವಿಪರೀತ ವ್ಯಾಯಾಮದ ನಂತರ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿಕೊಂಡು ಬಲವೇ ಇಲ್ಲದಂತಾದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ವ್ಯಾಯಾಮದಲ್ಲಿ ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ನಡೆಯಿರಿ. ಕೀಲಿನಲ್ಲಿ ಚುಚ್ಚುವ ನೋವು, ವಾರ ಕಳೆದರೂ ಇಳಿಯದ ಮೈನೋವು ಎರಡನ್ನೂ ತೋರಿಸಬೇಕು. ಕೊಲೆಸ್ಟರಾಲ್‌ಗೆಂದು ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವರಲ್ಲಿ ಅದರಿಂದಲೂ ಸ್ನಾಯು ನೋಯುತ್ತದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಶುಗರ್ ರಿಪೋರ್ಟಿನ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ಮೂರು ತಿಂಗಳ ಸರಾಸರಿ ಸಕ್ಕರೆ ಮತ್ತು ಮೂರು ತಿಂಗಳ ತೂಕದ ಲೆಕ್ಕ ಎರಡನ್ನೂ ಎದುರಿಗಿಟ್ಟುಕೊಂಡರೆ ಮುಂದೇನು ಮಾಡಬೇಕೆಂದು ಅವರಿಗೂ ಸ್ಪಷ್ಟವಾಗುತ್ತದೆ, ನಿಮಗೂ.