ಗೇರ್ ಪೆಟ್ಟಿಗೆ ಬಿಚ್ಚುವ ಮುನ್ನ: ಹಳೆಯ ಆಟೋಮ್ಯಾಟಿಕ್ ಕಾರಿನ ದೋಷ ತಿಳಿಯುವ ಕ್ರಮ



ಗದ್ದೆಯಲ್ಲಿ ಕಬ್ಬಿನ ಎಲೆ ಹಳದಿಯಾಗಿ ಒಣಗತೊಡಗಿದರೆ ನೀವು ಮೊದಲು ಏನು ಮಾಡುತ್ತೀರಿ? ಇಡೀ ಗದ್ದೆಯನ್ನು ಕಿತ್ತು ಹಾಕುವುದಿಲ್ಲ. ಒಂದು ಜಲ್ಲೆ ಕಡಿದು, ಉದ್ದಕ್ಕೆ ಸೀಳಿ, ಬಣ್ಣ ನೋಡಿ, ಮೂಸಿ ನೋಡುತ್ತೀರಿ. ಒಳಗೆ ಕೆಂಪು, ನಡುನಡುವೆ ಅಡ್ಡಲಾಗಿ ಬಿಳಿ ಮಚ್ಚೆ, ಹುಳಿ ಹೆಂಡದ ವಾಸನೆ ಇದ್ದರೆ ಅದು ಕೆಂಪು ಕೊಳೆ ರೋಗ. ಇಲ್ಲವಾದರೆ ನೀರಿನ ಕೊರತೆಯೋ, ಗೊಬ್ಬರದ ಕೊರತೆಯೋ ಎಂದು ಮುಂದೆ ಹುಡುಕುತ್ತೀರಿ. ಹಳೆಯ ಆಟೋಮ್ಯಾಟಿಕ್ ಕಾರಿನ ವಿಷಯದಲ್ಲಿಯೂ ಇದೇ ಕ್ರಮ ಅನುಸರಿಸಬೇಕೆಂಬುದೇ ಈ ಪಾಠದ ಸಾರ.

ಈ ಪಾಠ ಏಕೆ?

ಕಾಸರಗೋಡು ಜಿಲ್ಲೆಯಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಲ್ಲದ ಊರು ಅಪರೂಪ. ಅಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಕೈ ಪಳಗಿಸಿಕೊಂಡವರು ಊರಿಗೆ ಮರಳಿದಾಗ ಇಲ್ಲಿಯೂ ಅಂತಹದೇ ಬೇಕೆನ್ನುವುದು ಸಹಜ. ಮೊಣಕಾಲು ನೋವಿನ ಹಿರಿಯರಿಗೂ ಕ್ಲಚ್ ತುಳಿಯಬೇಕಿಲ್ಲದ ಗಾಡಿ ಅನುಕೂಲ. ಹೊಸದಕ್ಕೆ ಬೆಲೆ ಹೆಚ್ಚಾದ್ದರಿಂದ ಹತ್ತು ಹದಿನೈದು ವರ್ಷದ ಹಳೆಯ ಗಾಡಿಯನ್ನು ಕೊಳ್ಳುವವರೂ ಇದ್ದಾರೆ.

ನೀವು ವಿಟ್ಲದ ಕಡೆಯಿಂದ ಅಡ್ಕಸ್ಥಳ, ಪೆರ್ಲ, ಬದಿಯಡ್ಕ ದಾಟಿ ಚೆರ್ಕಳದ ಕಡೆಗೆ ಹೋಗುತ್ತಿದ್ದೀರಿ ಎನ್ನೋಣ. ದಾರಿಯ ಒಂದು ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಎಳೆಯುವುದಿಲ್ಲ. ಯಾರೋ ಬೋನೆಟ್ಟನ್ನೂ ತೆರೆಯದೆ "ಗೇರ್ ಬಾಕ್ಸ್ ಹೋಗಿದೆ, ಬದಲಿಸಬೇಕು" ಎನ್ನುತ್ತಾರೆ. ಆ ಒಂದು ಮಾತಿಗೆ ಕಬ್ಬಿನ ಬಿಲ್ಲಿನ ದೊಡ್ಡ ಪಾಲು ಹೋಗಬಹುದು. ದೋಷವು ಒಂದು ಲೀಟರ್ ಎಣ್ಣೆಯ ಕೊರತೆಯೂ ಆಗಿರಬಹುದು, ನಿಜಕ್ಕೂ ಒಳಗೆ ಸವೆದಿರಲೂಬಹುದು. ಪರೀಕ್ಷಿಸದೆ ಹೇಳಲಾಗದು.

ಮೊದಲು ಜಾತಿ ತಿಳಿಯಿರಿ

ಕ್ಲಚ್ ಪೆಡಲ್ ಇಲ್ಲದ ಗಾಡಿಗಳೆಲ್ಲ ಒಂದೇ ಜಾತಿಯವಲ್ಲ. ಹಳೆಯ ಝೆನ್, ಸ್ಯಾಂಟ್ರೊ, ಐ-10 ಮುಂತಾದವುಗಳ ಆಟೋಮ್ಯಾಟಿಕ್ ಮಾದರಿಗಳಲ್ಲಿ ಇರುವುದು ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್. ಹೋಂಡಾ ಸಿಟಿಯ ಕೆಲವು ಹಳೆಯ ಮಾದರಿಗಳಲ್ಲಿ ಲೋಹದ ಪಟ್ಟಿ ಮತ್ತು ರಾಟೆಗಳಿಂದ ನಡೆಯುವ ಸಿ.ವಿ.ಟಿ. ಇದೆ. 2014ರಲ್ಲಿ ಸೆಲೆರಿಯೊ ಕಾರಿನೊಡನೆ ಬಂದ ಎ.ಎಂ.ಟಿ. ಎಂಬುದು ವಾಸ್ತವವಾಗಿ ಸಾಮಾನ್ಯ ಗೇರ್ ಪೆಟ್ಟಿಗೆಯೇ. ಕ್ಲಚ್ಚನ್ನೂ ಗೇರನ್ನೂ ಮನುಷ್ಯನ ಬದಲು ಯಂತ್ರ ಹಾಕುತ್ತದೆ, ಅಷ್ಟೇ. ಒಂದರ ಔಷಧ ಇನ್ನೊಂದಕ್ಕೆ ಆಗದು. ಈ ಪಾಠ ಮುಖ್ಯವಾಗಿ ಮೊದಲನೆಯ ಜಾತಿಗೆ ಸಂಬಂಧಿಸಿದ್ದು.

ಒಳಗೆ ನಡೆಯುವುದೇನು?

ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ ಇದೆ. ಒಂದು ಚಕ್ರವನ್ನು ಇಂಜಿನ್ ತಿರುಗಿಸುತ್ತದೆ. ಅದು ಎಸೆಯುವ ಎಣ್ಣೆಯ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಜರ್ಮನಿಯ ಹರ್ಮನ್ ಫೊಟ್ಟಿಂಗರ್ ಎಂಬ ಇಂಜಿನಿಯರ್ ಈ ತತ್ತ್ವಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ, ಅದೂ ಹಡಗುಗಳ ಉಪಯೋಗಕ್ಕಾಗಿ.

ಈ ಕನ್ವರ್ಟರಿನ ಹಿಂದೆ ಹಲ್ಲುಚಕ್ರಗಳೂ, ಎಣ್ಣೆಯ ಒತ್ತಡದಿಂದ ಹಿಡಿಯುವ ತೆಳುವಾದ ಕ್ಲಚ್ ಬಿಲ್ಲೆಗಳೂ ಇವೆ. ಹೀಗೆ ಶಕ್ತಿ ಸಾಗಿಸುವುದು, ಕ್ಲಚ್ಚನ್ನು ಒತ್ತಿಹಿಡಿಯುವುದು, ಶಾಖ ಕಳೆಯುವುದು, ಸವೆತ ತಡೆಯುವುದು ಎಂಬ ನಾಲ್ಕೂ ಕೆಲಸಗಳು ಒಂದೇ ಎಣ್ಣೆಯ ಮೇಲೆ ಬಿದ್ದಿವೆ. ಆದ್ದರಿಂದ ಪರೀಕ್ಷೆ ಎಣ್ಣೆಯಿಂದಲೇ ಆರಂಭವಾಗಬೇಕು.

ಒಂದನೆಯ ಪರೀಕ್ಷೆ: ಎಣ್ಣೆ

ಹೆಚ್ಚಿನ ಗಾಡಿಗಳಲ್ಲಿ ಕ್ರಮ ಹೀಗಿದೆ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಬಿಸಿಯಾದ ಮೇಲೆ ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನು ಒತ್ತಿಹಿಡಿದು, ಗೇರ್ ಕೋಲನ್ನು ಪಿ, ಆರ್, ಎನ್, ಡಿ ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಮತ್ತೆ ಪಿ ಗೆ ತನ್ನಿ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ಅಳತೆ ಕಡ್ಡಿಯನ್ನು ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಿ. ಹೋಂಡಾದ ಅನೇಕ ಹಳೆಯ ಮಾದರಿಗಳಲ್ಲಿ ಮಾತ್ರ ಇಂಜಿನ್ ನಿಲ್ಲಿಸಿ, ಒಂದೂವರೆ ನಿಮಿಷದೊಳಗೆ ನೋಡಬೇಕು. ಕೆಲವು ಗಾಡಿಗಳಲ್ಲಿ ಕಡ್ಡಿಯೇ ಇರುವುದಿಲ್ಲ. ಆದ್ದರಿಂದ ಗಾಡಿಯೊಡನೆ ಬಂದ ಕೈಪಿಡಿಯನ್ನು ಓದಿ ಮುಂದುವರಿಯಿರಿ.

ಕಡ್ಡಿಯ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಡಿ.

(ಅ) ತಿಳಿಗೆಂಪು, ಪಾರದರ್ಶಕ: ಒಳ್ಳೆಯ ಲಕ್ಷಣ.
(ಆ) ತಳ ಹಿಡಿದ ಬೆಲ್ಲದ ಪಾಕದಂತೆ ಕಪ್ಪುಗಂದು, ಸುಟ್ಟ ವಾಸನೆ: ಕ್ಲಚ್ ಬಿಲ್ಲೆಗಳು ಜಾರಿ ಬೆಂದಿವೆ.
(ಇ) ಹಾಲು ಬೆರೆಸಿದಂತೆ ಗುಲಾಬಿ: ನೀರು ಸೇರಿದೆ. ರೇಡಿಯೇಟರಿನೊಳಗಿನ ಎಣ್ಣೆ ತಂಪುಗೊಳಿಸುವ ಕೊಳವೆ ತೂತಾಗಿರಬಹುದು. ಅಥವಾ ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಗಾಡಿ ನುಗ್ಗಿಸಿದಾಗ ಉಸಿರು ಕೊಳವೆಯಿಂದ ನೀರು ಒಳಹೋಗಿರಬಹುದು. ಇಂತಹ ಗಾಡಿಯನ್ನು ಒಂದು ಮೈಲಿಯೂ ಓಡಿಸಬೇಡಿ. ನೀರು ಕ್ಲಚ್ ಬಿಲ್ಲೆಗಳ ಅಂಟನ್ನೇ ಬಿಡಿಸುತ್ತದೆ.
(ಈ) ನೊರೆ: ಎಣ್ಣೆ ಹೆಚ್ಚಾಗಿದೆ, ಇಲ್ಲವೇ ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿದೆ.
(ಉ) ಮಿನುಗುವ ಲೋಹದ ಚೂರು: ಒಳಗಿನ ಭಾಗ ಸವೆಯುತ್ತಿದೆ.

ಎಣ್ಣೆ ಕಡಿಮೆಯಿದ್ದರೆ ಸುಮ್ಮನೆ ಸುರಿದು ಸುಮ್ಮನಾಗಬೇಡಿ. ಈ ಎಣ್ಣೆ ಉರಿದು ಖರ್ಚಾಗುವಂಥದ್ದಲ್ಲ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ. ರಾತ್ರಿ ಗಾಡಿಯ ಅಡಿಗೆ ಹಳೆಯ ರಟ್ಟು ಹಾಸಿ ಬೆಳಿಗ್ಗೆ ಕೆಂಪು ಹನಿ ಎಲ್ಲಿ ಬಿದ್ದಿದೆ ನೋಡಿ.

ಎರಡನೆಯ ಪರೀಕ್ಷೆ: ಕೋಲು, ಕೇಬಲ್, ವಿದ್ಯುತ್

ಕೋಲು ಡಿ ಯಲ್ಲಿದ್ದರೂ ಒಳಗಿನ ಕವಾಟ ಡಿ ಗೆ ಬಂದಿಲ್ಲದಿರಬಹುದು. ಕೇಬಲ್ ತುದಿಯ ಪ್ಲಾಸ್ಟಿಕ್ ಬುಶ್ ಮುರಿದರೆ ಹೀಗಾಗುತ್ತದೆ. ಒಬ್ಬರು ಬ್ರೇಕ್ ಒತ್ತಿಹಿಡಿದು, ಇಂಜಿನ್ ಚಾಲೂ ಮಾಡದೆ ಕೋಲನ್ನು ಸರಿಸಲಿ. ಇನ್ನೊಬ್ಬರು ಗೇರ್ ಪೆಟ್ಟಿಗೆಯ ಹೊರಗಿನ ಕೈ ಪ್ರತಿ ಸ್ಥಾನಕ್ಕೂ ಸರಿಯುತ್ತದೆಯೇ ನೋಡಲಿ. ಪಿ ಯಲ್ಲಿ ಸ್ಟಾರ್ಟ್ ಆಗದೆ ಎನ್ ನಲ್ಲಿ ಮಾತ್ರ ಆದರೆ ದೋಷ ಸಾಮಾನ್ಯವಾಗಿ ಈ ಕೇಬಲಿನಲ್ಲಿ ಅಥವಾ ಸ್ಥಾನ ತಿಳಿಸುವ ಸ್ವಿಚ್ಚಿನಲ್ಲಿರುತ್ತದೆ.

ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ಎಚ್ಚರಿಕೆಯ ದೀಪ ಮಿನುಗುತ್ತಿದ್ದರೆ ಅದನ್ನು ಯಂತ್ರದ ಆತ್ಮರಕ್ಷಣೆ ಎಂದು ತಿಳಿಯಿರಿ. ಏನೋ ತಪ್ಪು ಸಂಕೇತ ಬಂದಾಗ ಅದು ಉಳಿದ ಗೇರುಗಳನ್ನು ಬಿಟ್ಟುಬಿಡುತ್ತದೆ. ಕಡಲ ತೀರದ ಉಪ್ಪುಗಾಳಿಗೆ ಬ್ಯಾಟರಿ ತುದಿಗಳೂ ತಂತಿ ಜೋಡಣೆಗಳೂ ಕಿಲುಬು ಹಿಡಿಯುತ್ತವೆ. ಇಲಿ ತಂತಿ ಕಡಿದಿರಲೂಬಹುದು. ಇವನ್ನೂ ಫ್ಯೂಸುಗಳನ್ನೂ ನೋಡಿದ ಮೇಲೆ ಸ್ಕ್ಯಾನರ್ ಹಾಕಿಸಿ ದೋಷದ ಸಂಖ್ಯೆಯನ್ನು ಬರೆದುಕೊಳ್ಳಿ.

ಮೂರನೆಯ ಪರೀಕ್ಷೆ: ಓಡಿಸಿ ನೋಡುವುದು

1. ಬ್ರೇಕ್ ಒತ್ತಿ ಎನ್ ನಿಂದ ಡಿ ಗೆ ಹಾಕಿ. ಒಂದೆರಡು ಸೆಕೆಂಡಿನಲ್ಲಿ ಗಾಡಿ ಹಿಡಿದ ಅನುಭವವಾಗಬೇಕು. ಬೆಳಗಿನ ತಂಪಿನಲ್ಲಿ ಬಹಳ ತಡವಾದರೆ ಎಣ್ಣೆ ಕಡಿಮೆ ಅಥವಾ ಒಳಗಿನ ರಬ್ಬರ್ ಸೀಲುಗಳು ಗಡಸಾಗಿವೆ.
2. ಏರಿನಲ್ಲಿ ಇಂಜಿನಿನ ವೇಗ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಲ್ಲ ಗೇರಿನಲ್ಲೂ ಜಾರಿದರೆ ಎಣ್ಣೆ, ಸೋಸುಜಾಲರಿ ಅಥವಾ ಪಂಪನ್ನು ಶಂಕಿಸಿ. ಒಂದೇ ಗೇರಿನಲ್ಲಾದರೆ ಆ ಗೇರಿನ ಕ್ಲಚ್ಚನ್ನು.
3. ಗೇರ್ ಬದಲಾಗುವಾಗ ಬಡಿದಂತಾದರೆ ಇಂಜಿನ್ ಕೂರಿಸಿದ ರಬ್ಬರ್ ಹರಿದಿರಬಹುದು, ಒತ್ತಡ ಹೆಚ್ಚಾಗಿರಬಹುದು, ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟ ಅಂಟಿಕೊಂಡಿರಬಹುದು.
4. ಸಮನಾದ ವೇಗದಲ್ಲಿ ಹೋಗುವಾಗ ಗಾಡಿ ನಡುಗಿದರೆ ಕನ್ವರ್ಟರಿನೊಳಗಿನ ಲಾಕ್-ಅಪ್ ಕ್ಲಚ್ ಕಾರಣವಿರಬಹುದು. ಆದರೆ ಸ್ಪಾರ್ಕ್ ಪ್ಲಗ್ ಕೆಟ್ಟು ಇಂಜಿನ್ ಎಡವಿದರೂ ಇದೇ ನಡುಕ. ಮೊದಲು ಇಂಜಿನನ್ನು ಸರಿಪಡಿಸಿ.

ಬ್ರೇಕ್ ಒತ್ತಿಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿದು ನೋಡುವ ಪರೀಕ್ಷೆಯೊಂದಿದೆ. ಅದು ಅನುಭವಿ ಮೆಕ್ಯಾನಿಕನಿಗೆ ಮಾತ್ರ. ಐದು ಸೆಕೆಂಡು ಮೀರಿದರೆ ಎಣ್ಣೆ ಕುದಿದು ಒಳ್ಳೆಯ ಗೇರ್ ಪೆಟ್ಟಿಗೆಯೂ ಕೆಡುತ್ತದೆ. ಬ್ರೇಕ್ ಜಾರಿದರೆ ಮುಂದಿರುವವರ ಜೀವಕ್ಕೇ ಅಪಾಯ.

ಮಾಡಬಾರದ ಕೆಲಸಗಳು

ಕೈಗೆ ಸಿಕ್ಕಿದ ಎಣ್ಣೆ ಹಾಕಬೇಡಿ. ಕೈಪಿಡಿ ಹೇಳಿದ ಎಣ್ಣೆಯೇ ಬೇಕು, ಸಿ.ವಿ.ಟಿ.ಗೆ ಬೇರೆಯದೇ ಎಣ್ಣೆ. ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ಜೀಪಿನ ಹಿಂದೆ ಎಳೆಯಬೇಡಿ. ಇಂಜಿನ್ ನಿಂತಿರುವಾಗ ಪಂಪೂ ನಿಂತಿರುತ್ತದೆ, ಚಕ್ರ ಉರುಳಿದಷ್ಟೂ ಒಳಗೆ ಎಣ್ಣೆಯಿಲ್ಲದೆ ಸವೆಯುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಆ ಚಕ್ರಗಳನ್ನು ಎತ್ತಿ ಅಥವಾ ಪೂರ್ತಿ ಗಾಡಿಯನ್ನು ವಾಹನದ ಮೇಲೇರಿಸಿ ಒಯ್ಯಿರಿ. ತಳ್ಳಿ ಸ್ಟಾರ್ಟ್ ಮಾಡುವ ಪ್ರಯತ್ನ ವ್ಯರ್ಥ. ಇಳಿಜಾರಿನಲ್ಲಿ ಪಿ ಒಂದನ್ನೇ ನಂಬಬೇಡಿ. ಗಾಡಿಯ ಭಾರವನ್ನೆಲ್ಲ ಅಲ್ಲಿ ಹಿಡಿದಿರುವುದು ಒಂದು ಸಣ್ಣ ಕೊಕ್ಕೆ. ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಿ.

ವರ್ಕ್‌ಶಾಪಿಗೆ ಹೋಗುವಾಗ

ಒಂದು ಚೀಟಿಯಲ್ಲಿ ಐದು ಸಂಗತಿ ಬರೆದುಕೊಂಡು ಹೋಗಿ: ಎಣ್ಣೆಯ ಮಟ್ಟ, ಅದರ ಬಣ್ಣ ಮತ್ತು ವಾಸನೆ, ದೋಷ ತಣ್ಣಗಿರುವಾಗಲೋ ಬಿಸಿಯಾದಾಗಲೋ, ಯಾವ ಗೇರಿನಲ್ಲಿ, ಯಾವ ದೀಪ ಉರಿಯಿತು. ಎಣ್ಣೆಯ ಒತ್ತಡವನ್ನು ಮೀಟರ್ ಹಾಕಿ ಅಳೆಯಲು ಹೇಳಿ. ಗೇರ್ ಪೆಟ್ಟಿಗೆಯ ತಳದ ತಟ್ಟೆ ಬಿಚ್ಚಿದಾಗ ನೀವೇ ಎದುರಿಗಿದ್ದು ನೋಡಿ. ತಳದಲ್ಲಿ ನುಣುಪಾದ ಕಪ್ಪು ಗಸಿ ಸ್ವಲ್ಪ ಇರುವುದು ಸಹಜ. ಲೋಹದ ಚೂರುಗಳ ರಾಶಿ ಇದ್ದರೆ ಮಾತ್ರ ದೊಡ್ಡ ರಿಪೇರಿಯ ಮಾತು ಸತ್ಯ. ಆಗಲೂ ಗಾಡಿಯ ಇಂದಿನ ಬೆಲೆ ಎಷ್ಟು, ರಿಪೇರಿಯ ಖರ್ಚು ಎಷ್ಟು ಎಂದು ತೂಗಿ, ಇನ್ನೊಬ್ಬ ಮೆಕ್ಯಾನಿಕನನ್ನೂ ಕೇಳಿ ತೀರ್ಮಾನಿಸಿ.

ತೂಕದ ಚೀಟಿ ನೋಡದೆ ನೀವು ಕಬ್ಬಿನ ಗಾಡಿಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಅಷ್ಟೇ ಎಚ್ಚರ ಇಲ್ಲಿಯೂ ಇರಲಿ. ಜಲ್ಲೆ ಸೀಳದೆ ರೋಗ ಹೇಳುವವನನ್ನೂ, ಕಡ್ಡಿ ಎಳೆಯದೆ ಗೇರ್ ಪೆಟ್ಟಿಗೆ ಬದಲಿಸಲು ಹೇಳುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರಿ.