ಕ್ರಯದ ಕರಾರು ಮತ್ತು ಬಾಕಿ ಹಣದ ರುಜುವಾತು

ಕ್ರಯದ ಕರಾರು ಬರೆಸಿಕೊಂಡ ಮಾತ್ರಕ್ಕೆ ಜಮೀನು ಕೊಳ್ಳುವವನದಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಂತೆ ಕರಾರಿನಿಂದ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟದು. ಕ್ರಯಪತ್ರ ಬರೆಸಿಕೊಳ್ಳುವ ಹಕ್ಕಷ್ಟೇ ಹುಟ್ಟುತ್ತದೆ. ಮಾಲೀಕ ಮುಂಗಡ ಪಡೆದು ನೋಂದಣಿಗೆ ಬಾರದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಸಿವಿಲ್ ದಾವೆ ಹೂಡಬೇಕು. ಮೊದಲು ಡಿಕ್ರಿ ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆಗೆ ಸೇರಿತ್ತು. 2018ರ ತಿದ್ದುಪಡಿ ಅದನ್ನು ಬಹಳ ಕಿರಿದಾಗಿಸಿತು.

ದಾವೆಯ ಜೀವ ಇರುವುದು 16(ಸಿ) ಕಲಮಿನಲ್ಲಿ. ವಾದಿ ತನ್ನ ಪಾಲಿನದನ್ನು ನಡೆಸಿಕೊಡಲು ಮೊದಲಿನಿಂದಲೂ ಸಿದ್ಧನಿದ್ದ, ಮನಸ್ಸೂ ಇತ್ತು ಎಂಬುದನ್ನು ರುಜುವಾತುಪಡಿಸಬೇಕು. "ಹಣ ಇತ್ತು ಸ್ವಾಮಿ" ಎಂಬ ಬಾಯಿಮಾತು ಪಾಟೀಸವಾಲಿನಲ್ಲಿ ನಿಲ್ಲದು. ನ್ಯಾಯಾಲಯ ಹೇಳದ ಹೊರತು ಬಾಕಿ ಮೊತ್ತವನ್ನು ಮುಂಚೆಯೇ ಕಟ್ಟಬೇಕಿಲ್ಲ, ಆದರೆ ಅದನ್ನು ಹೊಂದಿಸುವ ಶಕ್ತಿ ಕಾಗದದಲ್ಲಿ ಕಾಣಬೇಕು: ಪಾಸ್‌ಬುಕ್, ಠೇವಣಿ ರಸೀದಿ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ. ಈ ಅಂಕಣಕಾರರ ಕುಟುಂಬ ಒಂದು ನಿವೇಶನಕ್ಕೆ ಮುಂಗಡ ಕೊಟ್ಟು ವರ್ಷಗಟ್ಟಲೆ ಅಲೆದಾಗ ಕೈಹಿಡಿದದ್ದು ಪಾಸ್‌ಬುಕ್ಕಿನ ಒಂದೇ ಪುಟ. ಒಡವೆ ಅಡವಿಟ್ಟು ಬಾಕಿ ಹಣವನ್ನು ಖಾತೆಗೆ ತುಂಬಿದ ದಿನಾಂಕ ಅದರಲ್ಲಿತ್ತು. ನಗದಾಗಿ ಕೊಟ್ಟ ಎರಡನೇ ಕಂತಿಗೆ ರಸೀದಿ ಇರಲಿಲ್ಲ. ಆ ಹಣ ಲೆಕ್ಕಕ್ಕೇ ಬರಲಿಲ್ಲ.

ಕರಾರಿನಲ್ಲಿ ನೋಂದಣಿಗೆ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲವಾದರೆ ಮಾಲೀಕ ಒಲ್ಲೆನೆಂದದ್ದು ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. "ಹಬ್ಬ ಕಳೆಯಲಿ, ಮಾಡಿಕೊಡುತ್ತೇನೆ" ಎಂಬ ಮಾತು ನಂಬಿ ಕೂತು ಈ ಗಡುವು ಮೀರಿಸಿಕೊಂಡವರು ಬಹಳ. ವಕೀಲರ ನೋಟಿಸ್ ಬೇಗ ಹೋಗುವುದೇ ಒಳ್ಳೆಯದು.

ದಾವೆಯ ಜೊತೆಗೇ ಪರಭಾರೆ ತಡೆಯುವ ತಾತ್ಕಾಲಿಕ ತಡೆಯಾಜ್ಞೆ ಕೋರಬೇಕು. ಕರಾರಿನ ಸುಳಿವಿಲ್ಲದೆ ಪ್ರಾಮಾಣಿಕವಾಗಿ ಹಣ ಕೊಟ್ಟು ಮೊದಲೇ ಕೊಂಡ ಮೂರನೆಯವರ ವಿರುದ್ಧ ಡಿಕ್ರಿ ಸಿಗುವುದಿಲ್ಲ. ನೋಂದಾಯಿತ ಕರಾರು ಋಣಭಾರ ಪತ್ರದಲ್ಲಿ ಕಾಣುವುದರಿಂದ "ಗೊತ್ತಿರಲಿಲ್ಲ" ಎಂಬ ನೆಪಕ್ಕೆ ಅಲ್ಲಿ ಎಡೆಯಿಲ್ಲ. ನೋಂದಣಿಯ ಖರ್ಚು ಉಳಿಸುವುದು ತಪ್ಪು ಲೆಕ್ಕ.

ಕರ್ನಾಟಕದಲ್ಲಿ ನ್ಯಾಯಾಲಯ ಶುಲ್ಕವನ್ನು ಮುಂಗಡದ ಮೇಲಲ್ಲ, ಪೂರ್ತಿ ಕ್ರಯದ ಮೊತ್ತದ ಮೇಲೆ ಕಟ್ಟಬೇಕು. ಜಮೀನು ಸಿಗದಿದ್ದರೆ ಮುಂಗಡವಾದರೂ ಮರಳಲಿ ಎಂಬ ಪರ್ಯಾಯ ಕೋರಿಕೆಯನ್ನು ದಾವೆಯಲ್ಲೇ ಬರೆದಿರಬೇಕು, ಕೇಳದೆ ಕೊಡುವುದಿಲ್ಲ.

ಡಿಕ್ರಿಯಾದ ಮೇಲೆ ಬಾಕಿ ಹಣವನ್ನು ಹೇಳಿದ ಗಡುವಿನೊಳಗೆ ಕಟ್ಟಬೇಕು. ತಪ್ಪಿದರೆ ಕರಾರು ರದ್ದುಪಡಿಸುವಂತೆ ಮಾಲೀಕ ಅರ್ಜಿ ಹಾಕಬಹುದು. ಹಣ ಕಟ್ಟಿದರೂ ಅವನು ಸಹಿ ಹಾಕದಿದ್ದರೆ ಅಮಲ್ಜಾರಿ ಅರ್ಜಿಯ ಮೇಲೆ ನ್ಯಾಯಾಲಯವೇ ಅವನ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಿಸುತ್ತದೆ. ಆ ಸಹಿಗೂ ಮಾಲೀಕನ ಸಹಿಯಷ್ಟೇ ಬೆಲೆ.