ಶ್ರೀಗಂಧ: ಒಂಟಿಯಾಗಿ ಬಾಳದ ಔಷಧವೃಕ್ಷ

ನಮ್ಮ ತೋರಣಗಲ್ಲು, ಸಂಡೂರು, ಹೊಸಪೇಟೆ ಸೀಮೆಯ ಬಿಸಿಲಿಗೆ ಬೇರೆ ಪರಿಚಯ ಬೇಡ. ಬೇಸಿಗೆ ಬಂದಿತೆಂದರೆ ಮೈಯುರಿ, ಬೆವರುಸಾಲೆ, ತೀರದ ಬಾಯಾರಿಕೆ, ಉರಿಮೂತ್ರಗಳು ಮನೆಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಇವೆಲ್ಲ ಬಹುಮಟ್ಟಿಗೆ ಪಿತ್ತಪ್ರಕೋಪದ ಲಕ್ಷಣಗಳು. ಇವುಗಳಿಗೆ ಆಯುರ್ವೇದವು ಹೇಳುವ ದ್ರವ್ಯಗಳಲ್ಲಿ ಚಂದನವು ಮುಖ್ಯವಾದುದು. ಅದು ರಸದಲ್ಲಿ ಕಹಿ, ವೀರ್ಯದಲ್ಲಿ ಶೀತ. ಚರಕಾಚಾರ್ಯರು ದಾಹವನ್ನು ತಣಿಸುವ, ತೃಷೆಯನ್ನು ನೀಗುವ, ತುರಿಕೆಯನ್ನು ಕಳೆಯುವ, ಮೈಬಣ್ಣವನ್ನು ತಿದ್ದುವ ಗಣಗಳಲ್ಲಿ ಇದನ್ನು ಸೇರಿಸಿದ್ದಾರೆ.

ಆದರೆ ಇಂದು ನಿಜವಾದ ಚಂದನ ಎಲ್ಲಿದೆ? ಪೇಟೆಯಲ್ಲಿ ಗಂಧದ ಪುಡಿಯೆಂದು ದೊರೆಯುವುದು ಎಷ್ಟೋ ಸಲ ಸುವಾಸನೆ ಬೆರೆಸಿದ ಬೇರೆ ಮರದ ಹೊಟ್ಟು. ಅದನ್ನು ಲೇಪಿಸಿದರೆ ಉರಿ ತಣಿಯುವ ಬದಲು ಚರ್ಮ ಕೆರಳಬಹುದು. ಔಷಧಗುಣವಿರುವುದು ಮರದ ಚೇಗಿನಲ್ಲಿ, ಎಂದರೆ ಒಳತಿರುಳಿನಲ್ಲಿ. ಹೊರಗಿನ ಬಿಳಿಯ ಭಾಗಕ್ಕೆ ಪರಿಮಳವಿಲ್ಲ. ಚೇಗು ಬಲಿಯಲು ಹತ್ತಾರು ವರ್ಷಗಳೇ ಬೇಕು. ಹಳೆಯ ಮರಗಳನ್ನು ಕಳ್ಳರು ಕಡಿದೊಯ್ದರೆ, ಉಳಿದವುಗಳನ್ನು ಸ್ಪೈಕ್ ರೋಗ ಪೀಡಿಸುತ್ತಿದೆ. 1899ರಲ್ಲಿ ಕೊಡಗಿನಲ್ಲಿ ಗುರುತಿಸಲ್ಪಟ್ಟ ಈ ರೋಗದಲ್ಲಿ ಎಲೆಗಳು ಕಿರಿದಾಗಿ, ಗೊಂಚಲಾಗಿ ನಿಂತು, ಮರವು ಕ್ರಮೇಣ ಒಣಗುತ್ತದೆ. ಆದ್ದರಿಂದ ಔಷಧಿಯನ್ನು ಉಳಿಸಬೇಕಾದರೆ ಮರವನ್ನೇ ಬೆಳೆಸಬೇಕು.

ಗಂಧದ ಮರವನ್ನು ನೆಡಲು ಅನೇಕರು ಇಂದಿಗೂ ಅಂಜುತ್ತಾರೆ. 1792ರಲ್ಲಿ ಟಿಪ್ಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಬಹುಕಾಲ, ರೈತನ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸೊತ್ತಾಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಖಾಸಗಿ ಭೂಮಿಯ ಗಂಧದ ಮರದ ಹಕ್ಕು ಭೂಮಾಲೀಕನಿಗೇ ದೊರೆತಿದೆ. ಬೆಳೆಸಲು ಅಡ್ಡಿಯಿಲ್ಲ, ಕಡಿಯಲು, ಸಾಗಿಸಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ನೆಟ್ಟ ಮರಗಳನ್ನು ಪಹಣಿಯಲ್ಲಿ ನಮೂದಿಸಿಕೊಳ್ಳುವುದು ಕ್ಷೇಮ.

ಈ ಮರದ ಸ್ವಭಾವವನ್ನು ಅರಿತೇ ನೆಡಬೇಕು. ಇದು ಅರೆಪರಾವಲಂಬಿ. ಹಸಿರೆಲೆಗಳಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರು ಮತ್ತು ಲವಣಗಳಿಗಾಗಿ ನೆರೆಯ ಗಿಡದ ಬೇರಿಗೆ ತನ್ನ ಬೇರನ್ನು ಬೆಸೆಯುತ್ತದೆ. ಸಸಿಯನ್ನು ಒಂಟಿಯಾಗಿ ನೆಟ್ಟು, ಎಷ್ಟು ನೀರೆರೆದರೂ ಅದು ಸೊರಗುವುದು ಇದೇ ಕಾರಣಕ್ಕೆ. ಮೊದಲ ಒಂದೆರಡು ವರ್ಷ ಪಕ್ಕದಲ್ಲಿ ತೊಗರಿ ಇರಲಿ. ಮುಂದಿನ ಆಸರೆಗೆ ಹೊಂಗೆ, ಬೇವು, ನೆಲ್ಲಿಗಳನ್ನು ಜೊತೆಯಲ್ಲೇ ನೆಡಬೇಕು. ಇವುಗಳೂ ಔಷಧವೃಕ್ಷಗಳೇ ಆದುದರಿಂದ ಒಂದೇ ಆರೈಕೆಯಲ್ಲಿ ಪುಟ್ಟ ಔಷಧವನವೇ ಸಿದ್ಧವಾಗುತ್ತದೆ.

ಸಂಡೂರಿನ ಸುತ್ತಲಿನ ನೀರು ಬಸಿದುಹೋಗುವ ಕೆಂಪು ನೆಲ ಇದಕ್ಕೆ ಒಗ್ಗುತ್ತದೆ. ಕಂಪ್ಲಿ ಕಡೆಯ ಕಾಲುವೆ ಕೆಳಗಿನ ಭತ್ತದ ಗದ್ದೆ ಒಗ್ಗದು, ಏಕೆಂದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಮುಂಗಾರಿನ ಆರಂಭದಲ್ಲಿ, ಹತ್ತು ಹನ್ನೆರಡು ಅಡಿ ಅಂತರದಲ್ಲಿ ನೆಡುವುದು ಸೂಕ್ತ. ಮೇಕೆ, ದನಗಳಿಗೆ ಇದರ ಎಲೆ ಬಲು ಪ್ರಿಯವಾದುದರಿಂದ ಬೇಲಿ ಬೇಕೇ ಬೇಕು. ಚೇಗು ಬಲಿತಿದೆಯೇ ಎಂದು ಕಾಂಡವನ್ನು ಕೊರೆದು ನೋಡುತ್ತಿರಬಾರದು. ಹಣ್ಣುಗಳನ್ನು ಹಕ್ಕಿಗಳಿಗೂ ಬಿಡೋಣ. ಅವು ಬೀಜವನ್ನು ಹರಡಿ, ಬೇಲಿಸಾಲಿನಲ್ಲಿ ತಾವೇ ಸಸಿಗಳನ್ನು ಎಬ್ಬಿಸುತ್ತವೆ. ಅಂತಹ ಸಸಿ ಕಂಡರೆ ಕೀಳದೆ ಕಾಪಾಡಬೇಕು.

ಮನೆಬಳಕೆಗೆ ನಂಬಿಕೆಯ ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು, ಬೆವರುಸಾಲೆಗೆ ತೆಳುವಾಗಿ ಲೇಪಿಸಬಹುದು. ಗಂಧದೆಣ್ಣೆಯನ್ನಾಗಲಿ ಪುಡಿಯನ್ನಾಗಲಿ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಬಿಸಿಲಿನ ಹೊಡೆತದಿಂದ ಎಚ್ಚರ ತಪ್ಪಿದವರಿಗೆ ಗಂಧ ಹಚ್ಚುತ್ತ ಕೂರದೆ, ಒಡನೆಯೇ ಮೈಯನ್ನು ನೀರಿನಿಂದ ತಂಪುಗೊಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಂದು ನಾವು ನೆಡುವ ಗಂಧದ ಸಸಿಯಿಂದ ಔಷಧಿ ಪಡೆಯುವವರು ನಮ್ಮ ಮೊಮ್ಮಕ್ಕಳು. ಈ ಮುಂಗಾರಿನಲ್ಲಿ ಮನೆಗೊಂದು ಸಸಿಯನ್ನು, ಜೊತೆಗೊಂದು ಆಸರೆಯ ಗಿಡವನ್ನು ನೆಡೋಣ.